ಇಳಿಸಿದ ಪಿಕಪ್‌ನ ಮುಂದಿನ ಚಕ್ರ: ಟೈರ್ ಸವೆತಕ್ಕೂ ತಾಗುವಿಕೆಗೂ ಯಾವ ದಾರಿ ಒಳ್ಳೆಯದು?

ಪಿಕಪ್ ಗಾಡಿಯ ಎತ್ತರ ಇಳಿಸಿದವರ ದೂರು ಸಾಮಾನ್ಯವಾಗಿ ಎರಡು. ಮುಂದಿನ ಟೈರ್ ಒಳಬದಿಯಿಂದ ಸವೆಯುತ್ತಿದೆ ಎನ್ನುವುದು ಒಂದು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೋ ಹಂಪ್ ಇಳಿಯುವಾಗಲೋ ಟೈರ್ ಎಲ್ಲಿಗೋ ತಾಗಿ ಸದ್ದು ಮಾಡುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅಲೈನ್‌ಮೆಂಟ್ ಅಂಗಡಿಗೆ ಹೋಗುವುದು, ಎರಡನೆಯದಕ್ಕೆ ಟಿಂಕರಿಂಗ್ ಮಾಡುವವರ ಹತ್ತಿರ ಹೋಗುವುದು ರೂಢಿ. ಇಬ್ಬರೂ ತಮ್ಮ ತಮ್ಮ ಕೆಲಸ ನಿಯತ್ತಿನಿಂದ ಮಾಡಿಕೊಟ್ಟರೂ ಗಾಡಿ ಸರಿಹೋಗುವುದಿಲ್ಲ. ಏಕೆಂದರೆ ಎರಡು ದೂರುಗಳ ಮೂಲವೂ ಗಾಡಿಯ ಎತ್ತರವೇ. ಎತ್ತರ ಎಷ್ಟಿರಬೇಕು ಎಂದು ತೀರ್ಮಾನಿಸದೆ ಒಂದನ್ನು ಸರಿಪಡಿಸಲು ಹೊರಟರೆ ಇನ್ನೊಂದು ಕೆಡುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಗಿರಾಕಿಗೆ ಹೇಳುತ್ತಿದ್ದ ಮಾತು ಇದನ್ನೇ ಸೂಚಿಸುತ್ತದೆ: “ಸಾಹೇಬರೇ, ಚಕ್ರ ನೆಟ್ಟಗೆ ನಿಲ್ಲಿಸಿ ಕೊಡುತ್ತೇನೆ. ನಾಳೆ ಅದು ಮಡ್‌ಗಾರ್ಡ್‌ಗೆ ತಾಗಿದರೆ ಮಾತ್ರ ನನ್ನ ಮೇಲೆ ಸಿಟ್ಟಾಗಬೇಡಿ.” ಗಿರಾಕಿ ನಕ್ಕು ಸುಮ್ಮನಾದರು. ಆ ಮಾತು ಬರಿಯ ತಮಾಷೆಯಲ್ಲ, ಶುದ್ಧ ರೇಖಾಗಣಿತ. ಯಾವ ಪರಿಹಾರಕ್ಕೆ ದುಡ್ಡು ಹಾಕಬೇಕು ಎಂಬ ಹೋಲಿಕೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ

ನಮ್ಮ ಕಡೆ ಓಡುವ ಪಿಕಪ್‌ಗಳ ಮುಂಭಾಗದ ರಚನೆ ಒಂದೇ ತರಹ ಇಲ್ಲ. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಮತ್ತು ಟೊಯೊಟಾ ಹೈಲಕ್ಸ್ ಗಾಡಿಗಳಲ್ಲಿ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿಯುವ ತೋಳು), ನಡುವೆ ಕಾಯಿಲ್ ಸ್ಪ್ರಿಂಗ್. ಟಾಟಾ ಝೆನಾನ್‌ನಲ್ಲೂ ಎರಡು ಆರ್ಮ್‌ಗಳಿವೆ, ಆದರೆ ಕಾಯಿಲ್ ಬದಲಿಗೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಭಾರ ಹೊರುವ ಉದ್ದನೆಯ ಉಕ್ಕಿನ ಸಲಾಕೆ. ಬೊಲೆರೊ ಪಿಕಪ್‌ನಂಥ ಸರಕು ಗಾಡಿಗಳಲ್ಲಿ ಮುಂದೆಯೂ ಗಟ್ಟಿ ಆಕ್ಸಲ್ ಇದ್ದು ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್ ಇರುತ್ತದೆ.

ಈ ವ್ಯತ್ಯಾಸ ತಿಳಿಯದೆ ಯಾರೋ ಹೇಳಿದ ಪರಿಹಾರಕ್ಕೆ ದುಡ್ಡು ಸುರಿಯುವವರು ಬಹಳ. ಎರಡು ಆರ್ಮ್‌ಗಳಿರುವ ಗಾಡಿಯಲ್ಲಿ ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಗಾಡಿ ಇಳಿದಾಗ ಎರಡರ ಹೊರತುದಿಗಳೂ ಚಾಸಿಗೆ ಹೋಲಿಸಿದರೆ ಮೇಲಕ್ಕೆ ಹೋಗುತ್ತವೆ; ಗಿಡ್ಡ ಆರ್ಮ್‌ನ ತುದಿ ಬೇಗ ಒಳಕ್ಕೆ ಸರಿಯುತ್ತದೆ. ಹಾಗಾಗಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಇದೇ ನೆಗೆಟಿವ್ ಕ್ಯಾಂಬರ್. ಎರಡು ಇಂಚು ಇಳಿಸಿದ ಗಾಡಿಯಲ್ಲಿ ಒಂದು ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ವಾಲಿರುತ್ತದೆ. ಜೊತೆಗೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ಕೋನ ಬದಲಾಗಿ ಟೋ ಕೂಡ ಕೆಡುತ್ತದೆ. ಅಂದರೆ ಎರಡು ಮುಂಚಕ್ರಗಳು ಮೇಲಿನಿಂದ ನೋಡಿದಾಗ ಪರಸ್ಪರ ಸಮಾನಾಂತರವಾಗಿ ನಿಲ್ಲುವುದಿಲ್ಲ.

ಗಟ್ಟಿ ಆಕ್ಸಲ್‌ನ ಗಾಡಿಯಲ್ಲಿ ಇಳಿಸಿದ ಮಾತ್ರಕ್ಕೆ ಕ್ಯಾಂಬರ್ ಬದಲಾಗುವುದೇ ಇಲ್ಲ. ಅಂಥ ಗಾಡಿಯ ಟೈರ್ ಒಳಗಿನಿಂದ ಸವೆಯುತ್ತಿದ್ದರೆ ಟೋ, ಕಿಂಗ್ ಪಿನ್, ವೀಲ್ ಬೇರಿಂಗ್, ಬಾಗಿದ ಆಕ್ಸಲ್ ಈ ನಾಲ್ಕರಲ್ಲೇ ಉತ್ತರವಿದೆ. ಅದಕ್ಕೆ ‘ಕ್ಯಾಂಬರ್ ಕಿಟ್’ ಮಾರಲು ಬಂದವರಿಗೆ ದೂರದಿಂದಲೇ ನಮಸ್ಕಾರ ಹಾಕಿ. ಇಂಥ ಗಾಡಿಯನ್ನು ಇಳಿಸಲು ಮುಂದಿನ ಸ್ಪ್ರಿಂಗ್‌ನಿಂದ ಒಂದೆರಡು ಪಟ್ಟಿ ತೆಗೆದುಬಿಡುವ ಪದ್ಧತಿಯೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಪಟ್ಟಿ ತೆಗೆದ ಸ್ಪ್ರಿಂಗ್ ಭಾರಕ್ಕೆ ಸೋಲುವುದಷ್ಟೇ ಅಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಂಡು ಸ್ಟೀರಿಂಗ್ ಕೈತಪ್ಪುವ ಅಪಾಯವಿದೆ.

ತಾಗುವ ಜಾಗ ಯಾವುದು?

ಸದ್ದು ಕೇಳಿ ಜಾಗ ಊಹಿಸಬೇಡಿ. ಎಲೆ ಅಡಿಕೆ ಡಬ್ಬಿಯ ಸುಣ್ಣ ಸ್ವಲ್ಪ ತೆಗೆದುಕೊಂಡು ಟೈರ್‌ನ ಒಳಭುಜ ಮತ್ತು ಹೊರಭುಜಗಳ ಮೇಲೆ ಸುತ್ತಲೂ ತೆಳುವಾಗಿ ಬಳಿಯಿರಿ. ಒಣಗಿದ ಮೇಲೆ ಖಾಲಿ ಮೈದಾನದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ಸ್ಟೀರಿಂಗ್ ಕೊಟ್ಟು ಸುತ್ತಿ, ಒಂದು ಹಂಪ್ ನಿಧಾನವಾಗಿ ಹತ್ತಿ ಇಳಿಯಿರಿ. ಆಮೇಲೆ ಟಾರ್ಚ್ ಹಿಡಿದು ಒಳಗೆ ನೋಡಿದರೆ ಬಿಳಿ ಗೆರೆ ಎಲ್ಲಿ ಅಂಟಿದೆಯೋ ಅದೇ ಜಾಗ. ಮಡ್‌ಗಾರ್ಡ್‌ನ ಅಂಚಿಗೆ ಅಂಟಿದೆಯೋ, ಬಂಪರ್‌ನ ಹಿಂತುದಿಗೋ, ಪ್ಲಾಸ್ಟಿಕ್ ಲೈನರ್‌ಗೋ, ಚಾಸಿಗೋ, ಸ್ಟೆಬಿಲೈಜರ್ ಬಾರ್‌ಗೋ, ಮೇಲಿನ ಆರ್ಮ್‌ಗೋ ಎಂಬುದರ ಮೇಲೆ ಪರಿಹಾರ ನಿಂತಿದೆ. ಹಳೆಯ ಗಾಡಿಯಾದರೆ ಸುಣ್ಣವೂ ಬೇಕಿಲ್ಲ. ಟೈರ್ ಉಜ್ಜಿದ ಜಾಗ ಧೂಳಿಲ್ಲದೆ ನುಣ್ಣಗೆ ಹೊಳೆಯುತ್ತಿರುತ್ತದೆ.

ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ‘ಏನೂ ತಾಗುತ್ತಿಲ್ಲ’ ಎಂದು ನೆಮ್ಮದಿಯಿಂದ ಇರುವವರಿಗೆ ಮಳೆಗಾಲದಲ್ಲಿ ಆಶ್ಚರ್ಯ ಕಾದಿರುತ್ತದೆ. ಅಣ್ಣಿಗೇರಿ, ನವಲಗುಂದ, ಗದಗ ಕಡೆಯ ಎರೆ ಮಣ್ಣು ಹಸಿಯಾದಾಗ ಚಕ್ರದ ಗೂಡಿನಲ್ಲಿ ಅಂಟಿಕೊಂಡು ಬೆರಳು ದಪ್ಪ ಬೆಳೆಯುತ್ತದೆ. ಬೇಸಿಗೆಯಲ್ಲಿ 10 ಮಿ.ಮೀ. ಜಾಗವಿದ್ದ ಕಡೆ ಆಗ ಏನೂ ಉಳಿಯುವುದಿಲ್ಲ.

ಟೈರ್ ಸವೆತವನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ಗಾಡಿ ನಿಲ್ಲಿಸಿ, ಟೈರ್ ತಣ್ಣಗಾದ ಮೇಲೆ, ಅಂಗೈಯನ್ನು ಅಡ್ಡಲಾಗಿ ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಎರಡೂ ದಿಕ್ಕಿಗೆ ನುಣುಪಾಗಿದ್ದು ಒಳ ಅಂಚು ಮಾತ್ರ ಬೋಳಾಗಿದ್ದರೆ ಕ್ಯಾಂಬರ್ ಮುಖ್ಯ ಕಾರಣ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಕೈಗೆ ತಡೆದರೆ ಟೋ ಕಾರಣ. ಒಳಕ್ಕೆ ಸವರುವಾಗ ನುಣುಪಾಗಿದ್ದರೆ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಹೆಚ್ಚು, ಹೊರಕ್ಕೆ ಸವರುವಾಗ ನುಣುಪಾಗಿದ್ದರೆ ಟೋ-ಔಟ್ (ಹೊರಕ್ಕೆ ತಿರುಗಿರುವುದು) ಹೆಚ್ಚು.

ಜನ ಕ್ಯಾಂಬರ್‌ಗೆ ಹೆದರುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಟೈರನ್ನು ನಿಜವಾಗಿ ತಿಂದುಹಾಕುವುದು ಟೋ. ಲೆಕ್ಕ ನೋಡಿ: ಸುಮಾರು 700 ಮಿ.ಮೀ. ವ್ಯಾಸದ ಟೈರ್‌ಗಳ ಮುಂಭಾಗ ಮತ್ತು ಹಿಂಭಾಗದ ಅಂತರದಲ್ಲಿ ಒಟ್ಟು 10 ಮಿ.ಮೀ. ವ್ಯತ್ಯಾಸವಿದ್ದರೆ ಒಂದೊಂದು ಚಕ್ರದ ಪಾಲು 5 ಮಿ.ಮೀ. ಅಂದರೆ ಗಾಡಿ ಒಂದು ಕಿಲೋಮೀಟರ್ ಹೋದಾಗ ಆ ಟೈರ್ ಸುಮಾರು 7 ಮೀಟರ್ ಅಡ್ಡಲಾಗಿ ಉಜ್ಜಿಕೊಂಡು ಹೋಗಿರುತ್ತದೆ. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗಿ ಬರುವುದರೊಳಗೆ ಒಂದು ಕಿಲೋಮೀಟರ್‌ನಷ್ಟು ದೂರ ಟೈರ್ ಅಡ್ಡಡ್ಡ ತೇಯ್ದಂತೆ. ಅದೇ 1 ಡಿಗ್ರಿ ನೆಗೆಟಿವ್ ಕ್ಯಾಂಬರ್, ಟೋ ಸರಿಯಿದ್ದರೆ, ಟೈರ್‌ನ ಆಯಸ್ಸನ್ನು ತುಸು ತಗ್ಗಿಸಬಹುದು ಅಷ್ಟೇ.

ಅಲೈನ್‌ಮೆಂಟ್ ಮಾತ್ರ ಸಾಕೇ, ಕ್ಯಾಂಬರ್‌ಗೆ ಕೈ ಹಾಕಬೇಕೇ?

ಸುಣ್ಣದ ಪರೀಕ್ಷೆಯಲ್ಲಿ ಏನೂ ತಾಗದೆ, ಕ್ಯಾಂಬರ್ ಒಂದು ಡಿಗ್ರಿಯ ಆಸುಪಾಸಿನಲ್ಲಿದ್ದು, ಎಡ ಬಲಗಳ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಟೋ ಸರಿಪಡಿಸಿಕೊಂಡು ಮನೆಗೆ ಹೋಗಿ. ಬೇರೇನೂ ಬೇಡ. ಅಲೈನ್‌ಮೆಂಟ್‌ನ ಖರ್ಚು ನೂರುಗಳ ಲೆಕ್ಕ, ಟೈರ್ ಜೋಡಿಯದು ಸಾವಿರಗಳ ಲೆಕ್ಕ. ಪ್ರತಿ 5 ಸಾವಿರ ಕಿ.ಮೀ.ಗೆ ಟೈರ್‌ಗಳ ಜಾಗ ಬದಲಿಸಿಕೊಂಡರೆ ಒಳ ಅಂಚಿನ ಸವೆತವೂ ಹಂಚಿಹೋಗುತ್ತದೆ.

ಕ್ಯಾಂಬರ್ ಎರಡು ಡಿಗ್ರಿ ಸಮೀಪಿಸಿದರೆ ತಿದ್ದಲೇಬೇಕು. ಅದಕ್ಕೆ ಗಾಡಿ ತಯಾರಿಸಿದವರೇ ಅವಕಾಶ ಕೊಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಮೇಲಿನ ಆರ್ಮ್ ಚಾಸಿಗೆ ಕೂರುವಲ್ಲಿ ತೆಳು ತಗಡಿನ ಶಿಮ್‌ಗಳಿರುತ್ತವೆ. ಕೆಲವದರಲ್ಲಿ ಕೆಳಗಿನ ಆರ್ಮ್‌ನ ಬೋಲ್ಟ್‌ಗೆ ಓರೆ ವಾಶರ್ (ತೂತು ನಟ್ಟನಡುವೆ ಇಲ್ಲದ್ದು) ಇದ್ದು ಬೋಲ್ಟ್ ತಿರುಗಿಸಿದರೆ ಆರ್ಮ್ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಹೈಲಕ್ಸ್ ಎರಡನೆಯ ಬಗೆಯದು.

ಇವೆರಡರ ಪರಿಣಾಮ ಒಂದೇ ಅಲ್ಲ. ಮೇಲಿನ ಆರ್ಮ್ ಹೊರಕ್ಕೆ ತಳ್ಳಿ ಕ್ಯಾಂಬರ್ ತಿದ್ದಿದರೆ ಟೈರ್‌ನ ತಲೆ ಹೊರಕ್ಕೆ ಬರುತ್ತದೆ. ಒಂದು ಡಿಗ್ರಿ ತಿದ್ದಿದರೆ ಸುಮಾರು 8–9 ಮಿ.ಮೀ. ಮಡ್‌ಗಾರ್ಡ್‌ನ ಅಂಚು ಇರುವುದೂ ಸರಿಯಾಗಿ ಅದೇ ಎತ್ತರದಲ್ಲಿ. ಮಿಸ್ತ್ರಿ ಹೇಳಿದ ಮಾತಿನ ಅರ್ಥ ಇದೇ. ಕೆಳಗಿನ ಆರ್ಮ್ ಒಳಕ್ಕೆ ಎಳೆದು ತಿದ್ದಿದರೆ ಟೈರ್‌ನ ತಲೆ ಬಹುತೇಕ ಇದ್ದಲ್ಲೇ ಇರುತ್ತದೆ, ಬುಡ ಒಳಕ್ಕೆ ಹೋಗುತ್ತದೆ. ಮಡ್‌ಗಾರ್ಡ್ ಉಳಿಯುತ್ತದೆ, ಆದರೆ ಪೂರ್ತಿ ತಿರುಗಿಸಿದಾಗ ಚಾಸಿಯ ಕಡೆ ಜಾಗ ಕಡಿಮೆಯಾಗುತ್ತದೆ. ಆದ್ದರಿಂದ ಹೊರಗಡೆ ತಾಗುವ ಗಾಡಿಗೆ ಕೆಳಗಿನ ಬೋಲ್ಟ್‌ನ ದಾರಿ, ಒಳಗಡೆ ತಾಗುವ ಗಾಡಿಗೆ ಮೇಲಿನ ಆರ್ಮ್‌ನ ದಾರಿ ಒಳ್ಳೆಯದು. ನಿಮ್ಮ ಗಾಡಿಯಲ್ಲಿ ಮೇಲಿನ ಆರ್ಮ್ ಸರಿಸುವ ಅವಕಾಶವೇ ಇಲ್ಲದಿದ್ದರೆ ಹೊಂದಾಣಿಕೆಯಾಗುವ ಮೇಲಿನ ಆರ್ಮ್‌ಗಳನ್ನು ಹೊರಗಿನಿಂದ ತರಿಸಬೇಕಾಗುತ್ತದೆ. ಹೈಲಕ್ಸ್, ಡಿ-ಮ್ಯಾಕ್ಸ್‌ನಂಥ ಗಾಡಿಗಳಿಗೆ ಹೊರದೇಶದ ಕಂಪನಿಗಳು ಅವನ್ನು ತಯಾರಿಸುತ್ತವೆ. ಆದರೆ ಹೆಚ್ಚಿನವು ಎತ್ತರಿಸಿದ ಗಾಡಿಗಳಿಗೆಂದು ಮಾಡಿದವು. ಅವುಗಳ ಹೊಂದಾಣಿಕೆಯ ವ್ಯಾಪ್ತಿ ಇಳಿಸಿದ ಗಾಡಿಗೆ ಸಾಲದು. ಕೊಳ್ಳುವ ಮುನ್ನ ಇದನ್ನು ಕೇಳಿಯೇ ಮುಂದುವರಿಯಿರಿ.

ಆರ್ಮ್‌ನ ತೂತನ್ನು ಗ್ಯಾಸ್ ಕಟರ್‌ನಿಂದ ಅಗಲಿಸಿ ‘ಅಡ್ಜಸ್ಟ್’ ಮಾಡಿಕೊಡುವವರಿದ್ದಾರೆ. ಆ ಬೋಲ್ಟ್ ಸಡಿಲಾದ ದಿನ ಚಕ್ರ ತನಗೆ ಬೇಕಾದ ಕಡೆ ಹೋಗುತ್ತದೆ. ಬೇಡ.

ಒಂದು ಇಂಚು ವಾಪಸು ಕೊಡುವುದು

ಎಲ್ಲ ಪರಿಹಾರಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ. ಜನ ಕೊನೆಗೆ ಒಪ್ಪುವುದೂ ಇದನ್ನೇ, ನಡುವೆ ಒಂದಿಷ್ಟು ದುಡ್ಡು ಕಳೆದುಕೊಂಡು. ಇಳಿಸಿದ ಎತ್ತರದಲ್ಲಿ ಒಂದು ಇಂಚು, ಅಂದರೆ 25 ಮಿ.ಮೀ., ಮೇಲಕ್ಕೆ ತಂದರೆ ಕ್ಯಾಂಬರ್ ಅರ್ಧಕ್ಕರ್ಧ ತಾನಾಗಿ ಸರಿಹೋಗುತ್ತದೆ, ಟೋ ಹತ್ತಿರ ಬರುತ್ತದೆ, ಮಡ್‌ಗಾರ್ಡ್ ಟೈರ್‌ನಿಂದ ದೂರ ಸರಿಯುತ್ತದೆ, ಚಕ್ರದ ಏರಿಕೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್, ಅಂದರೆ ಬಂಪ್ ಸ್ಟಾಪ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಎರಡು ದೂರಿಗೂ ಒಂದೇ ಸಲ ಉತ್ತರ ಕೊಡುವ ಇನ್ನೊಂದು ಪರಿಹಾರ ನನಗೆ ಕಾಣುವುದಿಲ್ಲ. ನೋಟಕ್ಕೆ ಎಷ್ಟು ಕಡಿಮೆಯಾಯಿತು ಎಂದು ಬೇರೆಯವರನ್ನು ಕೇಳಿ ನೋಡಿ; ಗಾಡಿ ಎತ್ತರವಾಗಿದೆ ಎಂದು ನಿಮ್ಮ ಹೊರತು ಯಾರಿಗೂ ಗೊತ್ತಾಗುವುದಿಲ್ಲ.

ಟಾರ್ಷನ್ ಬಾರ್ ಇರುವ ಗಾಡಿಯಲ್ಲಿ ಇದಕ್ಕೆ ಬಿಡಿಭಾಗದ ಖರ್ಚೂ ಇಲ್ಲ. ಬಾರ್‌ನ ಹಿಂತುದಿಯ ಬೋಲ್ಟ್ ಬಿಗಿ ಮಾಡಿದರೆ ಮುಂಭಾಗ ಏರುತ್ತದೆ. ಚಕ್ರಗಳನ್ನು ಜಾಕ್ ಮೇಲೆ ಎತ್ತಿ ಭಾರ ಬಿಡಿಸಿಕೊಂಡೇ ಬೋಲ್ಟ್ ತಿರುಗಿಸಬೇಕು, ಇಲ್ಲದಿದ್ದರೆ ಎಳೆ ಹರಿಯುತ್ತದೆ. ಎರಡೂ ಕಡೆಯ ಎತ್ತರವನ್ನು ನೆಲದಿಂದ ಅಳೆಯಬೇಡಿ. ಹಬ್‌ನ ನಟ್ಟನಡುವಿನಿಂದ ಮಡ್‌ಗಾರ್ಡ್‌ನ ಅಂಚಿಗೆ ಅಳೆಯಿರಿ, ಆಗ ಗಾಳಿ ಕಡಿಮೆಯಿರುವ ಟೈರ್ ಲೆಕ್ಕ ತಪ್ಪಿಸುವುದಿಲ್ಲ. ಹತ್ತಾರು ಕಿಲೋಮೀಟರ್ ಓಡಿಸಿ ಮತ್ತೆ ಅಳೆದ ಮೇಲೆಯೇ ಅಲೈನ್‌ಮೆಂಟ್‌ಗೆ ಹೋಗಿ.

ಕಾಯಿಲ್ ಇರುವ ಗಾಡಿಯಲ್ಲಿ ಸ್ಪ್ರಿಂಗ್ ಮೇಲೆ ಸ್ಪೇಸರ್ ಇಡಬಹುದು, ಇಲ್ಲವೇ ಕಡಿಮೆ ಇಳಿಸುವ ಬೇರೆ ಸ್ಪ್ರಿಂಗ್ ಹಾಕಬಹುದು. ಸ್ಪ್ರಿಂಗ್ ಕತ್ತರಿಸಿ ಇಳಿಸಿದ ಗಾಡಿಯಾದರೆ ವಿಚಾರ ಬೇರೆ. ಎಂಟು ಸುತ್ತು ಕೆಲಸ ಮಾಡುವ ಕಾಯಿಲ್‌ನಿಂದ ಒಂದು ಸುತ್ತು ಕತ್ತರಿಸಿದರೆ ಅದು ಸುಮಾರು 14 ಶೇಕಡಾ ಗಡುಸಾಗುತ್ತದೆ, ತುದಿ ಕೂರುವ ಜಾಗವೂ ಕೆಡುತ್ತದೆ. ಗುಂಡಿಯಲ್ಲಿ ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ತನ್ನ ಸೀಟಿನಿಂದ ಸರಿಯುವ ಸಾಧ್ಯತೆ ಇದೆ. ಕತ್ತರಿಸಿದ ಕಾಯಿಲ್‌ಗೆ ಸ್ಪೇಸರ್ ಇಟ್ಟು ತೇಪೆ ಹಾಕುವ ಬದಲು ಹೊಸ ಜೋಡಿಯನ್ನೇ ಹಾಕಿಸಿ.

ಅಮೆರಿಕದ ಪಿಕಪ್‌ಗಳಿಗೆ ಡ್ರಾಪ್ ಸ್ಪಿಂಡಲ್ ಎಂಬ ಭಾಗ ಸಿಗುತ್ತದೆ. ಚಕ್ರದ ಅಚ್ಚನ್ನೇ ನಕಲ್‌ನಲ್ಲಿ (ಎರಡು ಆರ್ಮ್‌ಗಳ ತುದಿಗೆ ಕೂತು ಚಕ್ರ ಹೊರುವ ತುಂಡು) ಮೇಲಕ್ಕೆ ಕೂರಿಸಿರುವುದರಿಂದ ಆರ್ಮ್‌ಗಳು ತಮ್ಮ ಮೂಲ ಕೋನದಲ್ಲೇ ಉಳಿದು ಗಾಡಿ ಎರಡು ಇಂಚು ಇಳಿಯುತ್ತದೆ, ಕ್ಯಾಂಬರ್ ಕೆಡುವುದಿಲ್ಲ. ಬುದ್ಧಿವಂತಿಕೆಯ ಉಪಾಯ. ನಮ್ಮ ಗಾಡಿಗಳಿಗೆ ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಅದರ ಚಿತ್ರ ತೋರಿಸಿ ಲೇತ್ ಅಂಗಡಿಯಲ್ಲಿ ನಕಲ್ ಕತ್ತರಿಸಿ ವೆಲ್ಡಿಂಗ್ ಮಾಡಿಸಿಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ಇಲ್ಲೇ ಬಿಟ್ಟುಬಿಡಿ. ಬ್ರೇಕ್, ಸ್ಟೀರಿಂಗ್, ಗಾಡಿಯ ಭಾರ ಮೂರನ್ನೂ ಹೊರುವ ತುಂಡು ಅದು.

ಟೈರ್ ಚಿಕ್ಕದು ಮಾಡುವುದೇ, ರಿಮ್ ಬದಲಿಸುವುದೇ?

ತಾಗುವಿಕೆಗೆ ಟೈರ್‌ನ ಅಳತೆ ಬದಲಿಸುವುದು ಶುದ್ಧವಾದ ಉಪಾಯ. ಲೆಕ್ಕ ಸುಲಭ. 215/75 ಆರ್15 ಟೈರ್‌ನ ಎತ್ತರ ಸುಮಾರು 703 ಮಿ.ಮೀ. ಅದೇ ಅಗಲದ 215/70 ಆರ್15 ಹಾಕಿದರೆ 682 ಮಿ.ಮೀ. ಟೈರ್‌ನ ತಲೆಯ ಮೇಲೆ 20 ಮಿ.ಮೀ. ಜಾಗ ಸಿಕ್ಕಿತೆಂದು ಖುಷಿಪಡಬೇಡಿ. ವ್ಯಾಸದಲ್ಲಿ 21 ಕಡಿಮೆಯಾದರೂ ಹಬ್‌ನಿಂದ ಮೇಲಕ್ಕೆ ಸಿಗುವುದು ಅದರರ್ಧ, 10–11 ಮಿ.ಮೀ. ಉಳಿದರ್ಧಕ್ಕೆ ಗಾಡಿಯೇ ನೆಲಕ್ಕೆ ಹತ್ತಿರವಾಗುತ್ತದೆ. ಸ್ಪೀಡೋಮೀಟರ್ ಮೂರು ಶೇಕಡಾ ಹೆಚ್ಚು ತೋರಿಸುತ್ತದೆ, ಅದು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ಇರುವುದು ಲೋಡ್ ಇಂಡೆಕ್ಸ್‌ನಲ್ಲಿ, ಅಂದರೆ ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಅಂಕಿಯಲ್ಲಿ. ಸರಕು ಹೊರುವ ಗಾಡಿಗೆ ಕಾರಿನ ಟೈರ್ ಅಳತೆ ಹೊಂದಿತೆಂದು ಹಾಕಿಸಿಕೊಂಡರೆ ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೇರಿಕೊಂಡು ಬಿಸಿಲಿನಲ್ಲಿ ಹೊರಟ ದಿನ ಪಕ್ಕೆ ಒಡೆಯುತ್ತದೆ. ಮೂಲ ಟೈರ್‌ನ ಪಕ್ಕೆಯ ಮೇಲೆ ಬರೆದಿರುವ ಲೋಡ್ ಇಂಡೆಕ್ಸ್‌ಗಿಂತ ಒಂದು ಅಂಕಿಯೂ ಕಡಿಮೆ ಬೇಡ.

ರಿಮ್ ವಿಷಯದಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಅಂಗಡಿಯಲ್ಲಿ ರಿಮ್ ಅಗಲ ಹೇಳುತ್ತಾರೆ, ಆಫ್‌ಸೆಟ್ ಹೇಳುವುದಿಲ್ಲ. ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರವೇ ಆಫ್‌ಸೆಟ್; ಅದು ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಉದಾಹರಣೆಗೆ 7 ಇಂಚು ಅಗಲ, 30 ಮಿ.ಮೀ. ಆಫ್‌ಸೆಟ್ ಇರುವ ರಿಮ್ ತೆಗೆದು 8 ಇಂಚು ಅಗಲ, 10 ಮಿ.ಮೀ. ಆಫ್‌ಸೆಟ್ ಇರುವುದನ್ನು ಹಾಕಿದಿರಿ ಎನ್ನಿ. ಅಗಲದಿಂದ ಎರಡೂ ಬದಿಗೆ 12.7 ಮಿ.ಮೀ. ಸೇರುತ್ತದೆ, ಆಫ್‌ಸೆಟ್‌ನಿಂದ ಇಡೀ ಚಕ್ರ 20 ಮಿ.ಮೀ. ಹೊರಕ್ಕೆ ಬರುತ್ತದೆ. ಹೊರ ಅಂಚು ಒಟ್ಟು 32.7 ಮಿ.ಮೀ. ಹೊರಗೆ, ಒಳ ಅಂಚು ಚಾಸಿಯಿಂದ 7.3 ಮಿ.ಮೀ. ದೂರ. ಚಾಸಿಗೆ ತಾಗುತ್ತಿದ್ದುದು ನಿಲ್ಲುತ್ತದೆ, ಮಡ್‌ಗಾರ್ಡ್‌ಗೆ ತಾಗುವುದು ಶುರುವಾಗುತ್ತದೆ. ಇಳಿಸಿದ ಗಾಡಿಗೆ ಇಂಥ ರಿಮ್ ಹಾಕಿಸಿಕೊಂಡು ಆಮೇಲೆ ಮಡ್‌ಗಾರ್ಡ್ ಕತ್ತರಿಸಲು ಓಡಾಡುವವರನ್ನು ಎಷ್ಟು ಬೇಕಾದರೂ ನೋಡಬಹುದು. ಮೂಲ ರಿಮ್ ಮನೆಯಲ್ಲಿದ್ದರೆ ಅದನ್ನೇ ಮತ್ತೆ ಹಾಕಿ ಒಂದು ಸಲ ಸುಣ್ಣದ ಪರೀಕ್ಷೆ ಮಾಡಿ ನೋಡಿ. ಅರ್ಧ ದೂರು ಅಲ್ಲೇ ಮುಗಿಯಬಹುದು.

ಒಳಗಡೆ ತಾಗುವುದಕ್ಕೆ ಹಬ್ ಮತ್ತು ರಿಮ್ ನಡುವೆ ತೆಳು ಸ್ಪೇಸರ್ ಇಡುವುದೂ ಒಂದು ದಾರಿ. 5 ಮಿ.ಮೀ. ಆದರೆ ಸಹಿಸಬಹುದು, ಆದರೆ ನಟ್ ಎಷ್ಟು ಸುತ್ತು ಕೂರುತ್ತದೆ ಎಂದು ಎಣಿಸಿ. 12 ಮಿ.ಮೀ. ದಪ್ಪ, 1.5 ಪಿಚ್‌ನ ಸ್ಟಡ್‌ಗೆ ಕನಿಷ್ಠ 8 ಸುತ್ತು ಬೇಕು. ದಪ್ಪ ಸ್ಪೇಸರ್ ವೀಲ್ ಬೇರಿಂಗ್‌ಗೆ ಭಾರ, ಗುಂಡಿ ಸಿಕ್ಕಾಗ ಸ್ಟೀರಿಂಗ್ ಕೈಯಲ್ಲಿ ಒದೆಯುತ್ತದೆ.

ಕತ್ತರಿಸುವುದು, ಮಡಿಸುವುದು, ತಡೆಯುವುದು

ಪ್ಲಾಸ್ಟಿಕ್ ಲೈನರ್ ಅಥವಾ ಬಂಪರ್‌ನ ಹಿಂತುದಿಗೆ ಮಾತ್ರ ಬಿಳಿ ಗೆರೆ ಬಿದ್ದಿದ್ದರೆ ಅದನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಿ, ಸಾಲದಿದ್ದರೆ ಸ್ವಲ್ಪ ಕತ್ತರಿಸಿ. ಅದರ ಹಿಂದೆ ವೈರ್ ಹಾದುಹೋಗಿದೆಯೇ ಎಂದು ಮೊದಲು ನೋಡಿ.

ಮಡ್‌ಗಾರ್ಡ್‌ನ ಒಳ ಅಂಚನ್ನು ಮಡಿಸುವ ಕೆಲಸಕ್ಕೆ ರೋಲರ್ ಬೇಕು, ಬಣ್ಣ ಬಿಸಿ ಮಾಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಒತ್ತಬೇಕು. ಸುತ್ತಿಗೆಯಲ್ಲಿ ಬಡಿದು ಮಡಿಸಿದರೆ ಬಣ್ಣ ಬಿರುಕು ಬಿಡುತ್ತದೆ, ಮುಂದಿನ ಮಳೆಗಾಲಕ್ಕೆ ತುಕ್ಕು ಹೊರಬರುತ್ತದೆ. ಹೆಚ್ಚೆಂದರೆ ಅಂಚಿನ ದಪ್ಪದಷ್ಟು, ಒಂದು ಸೆಂಟಿಮೀಟರ್ ಜಾಗ ಸಿಗುತ್ತದೆ. ಕ್ಯಾಂಬರ್ ತಿದ್ದಿದ ಮೇಲೆ ಅಷ್ಟೇ ಜಾಗ ಕಡಿಮೆ ಬಿದ್ದ ಗಾಡಿಗೆ ಇದು ಸರಿಯಾದ ಜೊತೆ. ಒಂಟಿಯಾಗಿ ಇದನ್ನೇ ನಂಬಬೇಡಿ.

ಚಾಸಿಗೋ ಸ್ಟೆಬಿಲೈಜರ್ ಬಾರ್‌ಗೋ ಪೂರ್ತಿ ತಿರುಗಿಸಿದಾಗ ಮಾತ್ರ ತಾಗುತ್ತಿದ್ದರೆ ಎಲ್ಲಕ್ಕಿಂತ ಅಗ್ಗದ ಮದ್ದು ನಕಲ್‌ನ ಹತ್ತಿರವಿರುವ ಸ್ಟೀರಿಂಗ್ ಸ್ಟಾಪ್ ಬೋಲ್ಟ್. ಅದನ್ನು ಒಂದೆರಡು ಸುತ್ತು ಹೊರಕ್ಕೆ ತಂದರೆ ಚಕ್ರ ಅಷ್ಟು ಮುಂಚೆಯೇ ನಿಲ್ಲುತ್ತದೆ. ಗಾಡಿ ತಿರುಗಿಸಲು ತುಸು ಹೆಚ್ಚು ಜಾಗ ಬೇಕಾಗುತ್ತದೆ. ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಸಾಮಾನು ಇಳಿಸುವವರಿಗೆ ಅದು ತೊಂದರೆ, ಹೆದ್ದಾರಿಯಲ್ಲೇ ಓಡಾಡುವವರಿಗೆ ಏನೂ ಅಲ್ಲ.

ಬಂಪ್ ಸ್ಟಾಪ್‌ನ ರಬ್ಬರ್ ಕತ್ತರಿಸಿ ಹೆಚ್ಚು ಓಟ ಕೊಡಿಸುವ ಸಲಹೆ ಕೇಳಿಬರುತ್ತದೆ. ಆ ರಬ್ಬರ್ ಇರುವುದೇ ಟೈರ್ ಮಡ್‌ಗಾರ್ಡ್‌ಗೆ ಮುಟ್ಟುವ ಮೊದಲು ಚಕ್ರವನ್ನು ತಡೆಯಲು. ತಾಗುತ್ತದೆ ಎಂಬ ದೂರಿಗೆ ಅದನ್ನು ಕತ್ತರಿಸುವುದು ತಲೆಕೆಳಗಾದ ಯೋಚನೆ.

ಯಾರಿಗೆ ಯಾವುದು?

ದಿನಾ ಸರಕು ಹೊರುವ ಗಾಡಿಯನ್ನು ಇಳಿಸಲೇಬಾರದಿತ್ತು ಎನ್ನುವುದು ನನ್ನ ಅಭಿಪ್ರಾಯ. ಅಮರಗೋಳದ ಎಪಿಎಂಸಿಗೂ ಹಳ್ಳಿಗೂ ಓಡಾಡುವ ಗಾಡಿಗೆ ಹಿಂದೆ ಭಾರ ಬಿದ್ದಾಗ ಮುಂಭಾಗ ಏಳುತ್ತದೆ, ಖಾಲಿಯಾದಾಗ ಬೀಳುತ್ತದೆ; ಇಳಿಸಿದ ಗಾಡಿಯಲ್ಲಿ ಈ ಏರಿಳಿತಕ್ಕೆ ತಕ್ಕಂತೆ ಟೋ ಹೆಚ್ಚು ಅಲ್ಲಾಡುತ್ತದೆ. ಇಂಥವರಿಗೆ ಕಂಪನಿಯ ಎತ್ತರಕ್ಕೆ ವಾಪಸಾಗುವುದೊಂದೇ ಸರಿಯಾದ ಆಯ್ಕೆ.

ವಾರಕ್ಕೊಮ್ಮೆ ಊರು ಸುತ್ತುವ ಡಿ-ಮ್ಯಾಕ್ಸ್, ಹೈಲಕ್ಸ್ ಮಾಲೀಕರಾದರೆ ಒಂದರಿಂದ ಒಂದೂವರೆ ಇಂಚು ಇಳಿಸಿ, ಮೂಲ ಆಫ್‌ಸೆಟ್‌ನ ರಿಮ್ ಉಳಿಸಿಕೊಂಡು, ಕ್ಯಾಂಬರ್ ಅನ್ನು ಇರುವ ಬೋಲ್ಟ್‌ನಿಂದಲೇ ಒಂದು ಡಿಗ್ರಿಯ ಒಳಗೆ ತಂದರೆ ಬೇರೆ ಯಾವ ಭಾಗವೂ ಬೇಡ. ಅದಕ್ಕಿಂತ ಕೆಳಗೆ ಹೋಗುವ ಹಟವಿದ್ದರೆ ಮೇಲಿನ ಆರ್ಮ್, ಚಿಕ್ಕ ಟೈರ್, ಮಡಿಸಿದ ಮಡ್‌ಗಾರ್ಡ್ ಮೂರೂ ಸೇರಿಯೇ ಬರುತ್ತವೆ. ಒಂದನ್ನು ಮಾತ್ರ ಮಾಡಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಊರುಗಳ ಹಂಪ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಎತ್ತರಕ್ಕೇನೂ ಕೊರತೆಯಿಲ್ಲ, ಅಗಲವನ್ನು ಪಾಲಿಸಿದವರನ್ನು ಹುಡುಕಬೇಕು. ಎರೆ ನೆಲದ ಮೇಲಿನ ರಸ್ತೆಗಳು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಡಾಂಬರು ಚೆನ್ನಾಗಿದ್ದರೂ ಅಲೆಯಲೆಯಾಗಿರುತ್ತದೆ. ಅಂಥ ರಸ್ತೆಯಲ್ಲಿ 80ರ ವೇಗದಲ್ಲಿ ಹೋಗುವಾಗ ಬೀಳುವ ಪೆಟ್ಟು ಊರೊಳಗಿನ ಹಂಪ್‌ಗಿಂತ ಜೋರು, ಟೈರ್ ಮಡ್‌ಗಾರ್ಡ್‌ಗೆ ಬಡಿಯುವುದೂ ಅಲ್ಲೇ.

ಕಾನೂನಿನ ಮಾತು ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ಹೇಳುತ್ತದೆ. ಕೆಎ-25 ಇರಲಿ ಕೆಎ-63 ಇರಲಿ, ಹಳದಿ ಬೋರ್ಡಿನ ಗಾಡಿ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಲೇಬೇಕು. ಕತ್ತರಿಸಿದ ಮಡ್‌ಗಾರ್ಡ್, ಹೊರಕ್ಕೆ ಚಾಚಿದ ಟೈರ್ ಮೊದಲು ಕಣ್ಣಿಗೆ ಬೀಳುತ್ತವೆ. ಕಂಪನಿಯ ಎತ್ತರದ ಕಡೆಗೆ ವಾಲುವ ನನ್ನ ಸಲಹೆಗೆ ಇದೂ ಒಂದು ಕಾರಣ.

ಅಲೈನ್‌ಮೆಂಟ್ ಅಂಗಡಿಯಲ್ಲಿ

ಯಾವ ದಾರಿ ಹಿಡಿದರೂ ಕೊನೆಗೆ ಇಲ್ಲಿಗೆ ಬರಬೇಕು. ಬರುವ ಮುನ್ನ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಆರ್ಮ್ ಬುಷ್, ವೀಲ್ ಬೇರಿಂಗ್‌ಗಳಲ್ಲಿ ಅಲುಗಾಟ ಇದೆಯೇ ನೋಡಿಸಿ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಎಂದರೆ ಅಲೈನ್‌ಮೆಂಟ್‌ಗೆ ಕೊಟ್ಟ ದುಡ್ಡು ದಂಡ. ಇಳಿಸಿದ ಗಾಡಿಯ ಬಾಲ್ ಜಾಯಿಂಟ್ ವಕ್ರ ಕೋನದಲ್ಲಿ ಕೆಲಸ ಮಾಡುವುದರಿಂದ ಬೇಗ ಸೋಲುತ್ತದೆ.

ಟೈರ್‌ಗಳಲ್ಲಿ ಗಾಳಿ ಸಮವಿರಲಿ, ಟ್ಯಾಂಕ್‌ನಲ್ಲಿ ಅರ್ಧದಷ್ಟಾದರೂ ಡೀಸೆಲ್ ಇರಲಿ, ದಿನಾ ಹಿಂದೆ ಸಾಮಾನು ಇರುವ ಗಾಡಿಯಾದರೆ ಅದೇ ಸಾಮಾನಿನೊಂದಿಗೆ ಹೋಗಿ. ಮೊದಲು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ), ಆಮೇಲೆ ಕ್ಯಾಂಬರ್, ಕೊನೆಗೆ ಟೋ ಎಂಬ ಕ್ರಮ ತಪ್ಪಬಾರದು, ಏಕೆಂದರೆ ಮೊದಲ ಎರಡನ್ನು ಮುಟ್ಟಿದರೆ ಟೋ ಮತ್ತೆ ಕೆಡುತ್ತದೆ. ‘ಟೋ ಮಾತ್ರ ಮಾಡುತ್ತೇವೆ, ಕ್ಯಾಂಬರ್ ಈ ಗಾಡಿಗೆ ಬರುವುದಿಲ್ಲ’ ಎಂದರೆ ಕೆಳಗೆ ಬಗ್ಗಿ ಬೋಲ್ಟ್ ತೋರಿಸಿ ಕೇಳಿ. ಓರೆ ವಾಶರ್ ಕಣ್ಣೆದುರೇ ಇದ್ದರೂ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವ ಗೋಜಿಗೆ ಹೋಗಲು ಮನಸ್ಸಿಲ್ಲದೆ ಹಾಗೆ ಹೇಳುವುದುಂಟು.

ಕ್ಯಾಸ್ಟರ್ ವಿಷಯ ಇಳಿಸಿದ ಗಾಡಿಯವರು ಮರೆಯುವ ಅಂಶ. ಹಿಂಭಾಗ ಹಾಗೇ ಬಿಟ್ಟು ಮುಂಭಾಗ ಮಾತ್ರ ಇಳಿಸಿದರೆ ಇಡೀ ಗಾಡಿ ಮೂಗು ತಗ್ಗಿಸಿ ನಿಲ್ಲುತ್ತದೆ. ಸುಮಾರು 3 ಮೀಟರ್ ವೀಲ್‌ಬೇಸ್‌ನ ಪಿಕಪ್‌ನಲ್ಲಿ ಮುಂಭಾಗ 5 ಸೆಂ.ಮೀ. ತಗ್ಗಿದರೆ ಹತ್ತಿರ ಹತ್ತಿರ 1 ಡಿಗ್ರಿ ಕ್ಯಾಸ್ಟರ್ ಹೋಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಓಲಾಡುತ್ತದೆ. ಟೋ ಎಷ್ಟು ಸಲ ಮಾಡಿಸಿದರೂ ಈ ಓಲಾಟ ಹೋಗದಿದ್ದರೆ ಕಾರಣ ಇದೇ ಇರಬಹುದು. ಹಿಂಭಾಗವನ್ನೂ ಸ್ವಲ್ಪ ಇಳಿಸುವುದು ಅಥವಾ ಮುಂಭಾಗ ಏರಿಸುವುದು ಇದಕ್ಕೆ ಮದ್ದು.

ನಾಲ್ಕೂ ಚಕ್ರಕ್ಕೆ ಸೆನ್ಸರ್ ಹಾಕಿ ನೋಡುವ ಅಂಗಡಿಗೇ ಹೋಗಿ. ಹಿಂದಿನ ಗಟ್ಟಿ ಆಕ್ಸಲ್‌ನಲ್ಲಿ ತಿದ್ದಲು ಏನಿಲ್ಲವಾದರೂ, ಇಳಿಸುವಾಗ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಇಟ್ಟ ಬ್ಲಾಕ್‌ನ ಪಿನ್ ಸರಿಯಾಗಿ ಕೂರದೆ ಆಕ್ಸಲ್ ಓರೆಯಾಗಿದ್ದರೆ ಅದು ಅಲ್ಲಿ ಸಿಕ್ಕಿಬೀಳುತ್ತದೆ. ಆಕ್ಸಲ್ ಓರೆಯಾದ ಗಾಡಿಯಲ್ಲಿ ಮುಂದಿನ ಚಕ್ರ ಎಷ್ಟು ತಿದ್ದಿದರೂ ಸ್ಟೀರಿಂಗ್ ನೇರ ನಿಲ್ಲುವುದಿಲ್ಲ. ತಿದ್ದುವ ಮುಂಚಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ತೆಗೆದುಕೊಳ್ಳಿ, ಗಾಡಿಯಲ್ಲೇ ಇಟ್ಟುಕೊಳ್ಳಿ.

ಐನೂರು ಕಿಲೋಮೀಟರ್ ಓಡಿದ ಮೇಲೆ ಹಬ್‌ನಿಂದ ಮಡ್‌ಗಾರ್ಡ್‌ಗೆ ಮತ್ತೊಮ್ಮೆ ಅಳೆಯಿರಿ. ಹೊಸ ಸ್ಪ್ರಿಂಗ್ ಕುಳಿತು 5 ಮಿ.ಮೀ. ಇಳಿದಿದ್ದರೂ ಟೋ ಮತ್ತೆ ನೋಡಿಸಬೇಕು. ಇಳಿದಿಲ್ಲವಾದರೆ ಟೈರ್ ಮೇಲೆ ಅಂಗೈ ಸವರಿ ನೋಡಿ, ಎರಡೂ ದಿಕ್ಕಿಗೆ ನುಣುಪಾಗಿದ್ದರೆ ಮುಂದಿನ 5 ಸಾವಿರ ಕಿ.ಮೀ. ವರೆಗೆ ಅಂಗಡಿಗೆ ಹೋಗುವ ಅಗತ್ಯವಿಲ್ಲ.